ಮೀನಿನ ಬಿಳಿ ಚುಕ್ಕೆ ರೋಗದ ಹನಿ ಔಷಧಿ: ಕೆಲಸ ಮಾಡುತ್ತೆ, ಚೀಟಿ ಮಾತ್ರ ಸಾಲದು

ನಮ್ಮ ಟ್ಯಾಂಕಿನ ಮೋಲಿ ಮೀನು ಎರಡು ದಿನದಿಂದ ಫಿಲ್ಟರ್ ಪೈಪಿಗೆ ಮೈ ಉಜ್ಜಿಕೊಳ್ಳುತ್ತಿತ್ತು. ಸುಮ್ನೆ ಆಟ ಅಂದುಕೊಂಡೆ. ಮೂರನೇ ದಿನ ಟಾರ್ಚ್ ಹಿಡಿದು ಪಕ್ಕದಿಂದ ನೋಡಿದರೆ ಬಾಲದ ಮೇಲೆ ಉಪ್ಪಿನ ಹರಳು ಉದುರಿಸಿದ ಹಾಗೆ ಬಿಳಿ ಚುಕ್ಕೆಗಳು, ಉಸಿರಾಟವೂ ಜೋರಾಗಿತ್ತು. ಆಗ ತಂದಿದ್ದು ಮ್ಯಾಲಕೈಟ್ ಗ್ರೀನ್ (ಹಸಿರು ಬಣ್ಣದ ರಾಸಾಯನಿಕ) ಮತ್ತು ಫಾರ್ಮಲಿನ್ (ರೋಗಾಣು ಕೊಲ್ಲುವ ದ್ರಾವಣ) ಇರುವ ಈ ಔಷಧಿ.

ಔಷಧಿ ನಿಜಕ್ಕೂ ಒಳ್ಳೆಯದು. ಎಂಟನೇ ದಿನಕ್ಕೆ ಒಂದು ಚುಕ್ಕೆಯೂ ಇರಲಿಲ್ಲ, ಒಂದು ಮೀನೂ ಸಾಯಲಿಲ್ಲ.

ನನ್ನ ಬೇಜಾರು ಬಾಟಲಿ ಜೊತೆ ಬಂದ ಚೀಟಿಯ ಮೇಲೆ. ಈ ರೋಗದ ಜೀವಿ ಮೀನಿನ ಚರ್ಮದೊಳಗೆ ಇರುವಷ್ಟು ದಿನ ಔಷಧಿ ಅದಕ್ಕೆ ತಾಗುವುದಿಲ್ಲ, ಕಳಚಿ ತಳಕ್ಕೆ ಬಿದ್ದು ನೂರಾರು ಮರಿಗಳಾಗಿ ಒಡೆದು ನೀರಿನಲ್ಲಿ ಈಜುವಾಗ ಮಾತ್ರ ಸಾಯುತ್ತೆ, ಹಾಗಾಗಿ ಚುಕ್ಕೆ ಮಾಯವಾದರೂ ಇನ್ನೂ ಕೆಲವು ದಿನ ಹಾಕುತ್ತಲೇ ಇರಬೇಕು. ಇದನ್ನು ಚೀಟಿಯಲ್ಲಿ ಬರೆಯಬೇಕಿತ್ತು ಅಲ್ವಾ? ಫಿಲ್ಟರಿನ ಇದ್ದಿಲು ತೆಗೆಯಿರಿ ಅಂತಲೂ ಇಲ್ಲ, ಅದು ಔಷಧಿಯನ್ನೆಲ್ಲ ಹೀರಿಬಿಡುತ್ತೆ.

ಟೆಟ್ರಾ, ಲೋಚ್ ಮೀನುಗಳಿಗೆ ಈ ಔಷಧಿ ಜಾಸ್ತಿ ಖಾರ. ನಮ್ಮಲ್ಲಿ ನಾಲ್ಕು ಟೆಟ್ರಾ ಇದ್ದಿದ್ದರಿಂದ ಅರ್ಧ ಡೋಸ್ ಹಾಕಿದೆ. ರೋಗದ ಜೀವಿ ಮೀನಿನಿಂದ ಬೇಗ ಕಳಚಲಿ ಅಂತ ಹೀಟರ್ ನಿಧಾನವಾಗಿ 28 ಡಿಗ್ರಿಗೆ ಏರಿಸಿದೆ, ಏರ್ ಪಂಪ್ ಹಗಲು ರಾತ್ರಿ ಓಡಿತು, ಯಾಕೆಂದರೆ ನೀರು ಬಿಸಿಯಾದರೆ ಆಮ್ಲಜನಕ ಕಡಿಮೆ, ಫಾರ್ಮಲಿನ್ ಅದನ್ನು ಇನ್ನೂ ಇಳಿಸುತ್ತೆ. ಪ್ರತಿ ಡೋಸಿಗೆ ಮೊದಲು ಕಾಲು ಭಾಗ ನೀರು ಬದಲಿಸಿದೆ.

ಕೈಗವಸು ಹಾಕಿಕೊಂಡೇ ಬಾಟಲಿ ತೆರೆಯಿರಿ. ಟ್ಯಾಂಕಿನ ಮೂಲೆಯ ಸಿಲಿಕೋನ್ ಅಂಟು ಹಸಿರಾಗಿದೆ, ಎಷ್ಟು ಉಜ್ಜಿದರೂ ಹೋಗುತ್ತಿಲ್ಲ.