ಬೆಂಗಳೂರು–ಮೈಸೂರು ರೈಲು: ಹಳಿಗೆ ಫುಲ್ ಮಾರ್ಕ್ಸ್, ಟೈಮ್‌ಟೇಬಲ್‌ಗೆ ಜಸ್ಟ್ ಪಾಸ್

ಮಂಡ್ಯದಲ್ಲಿ ಮನೆ, ಬೆಂಗಳೂರಿನಲ್ಲಿ ಕೆಲಸ. ಎಷ್ಟೋ ವರ್ಷದಿಂದ ಸೀಸನ್ ಪಾಸ್ ಇಟ್ಟುಕೊಂಡು ಈ ಲೈನಿನಲ್ಲಿ ಓಡಾಡುತ್ತಿದ್ದೇನೆ. ಒಂದು ಸಲ ದೋಸೆ ತಿಂದ ಹೋಟೆಲಿಗೆಲ್ಲ ಸ್ಟಾರ್ ಕೊಡುತ್ತೇವೆ, ದಿನಕ್ಕೆ ಮೂರೂವರೆ ಗಂಟೆ ಕಳೆಯುವ ರೈಲಿಗೆ ಯಾಕೆ ಕೊಡಬಾರದು ಅಂತ ಅನ್ನಿಸಿತು. ಬೋಗಿ ಕ್ಲೀನ್ ಇದೆಯಾ, ಫ್ಯಾನ್ ತಿರುಗುತ್ತಾ ಅನ್ನುವ ವಿಚಾರ ಬಿಡಿ, ಅದು ದಿನಕ್ಕೊಂದು ಥರ. ಈ ಲೈನಿಗೆ ಸರ್ಕಾರ ಏನು ಪ್ಲಾನ್ ಮಾಡಿತು, ಯಾವ ಹೊತ್ತಿಗೆ ಗಾಡಿ ಬಿಟ್ಟಿತು, ಎಷ್ಟು ದುಡ್ಡು ಕೇಳುತ್ತಿದೆ, ಅದರ ಲೆಕ್ಕ ಇದು.

ಮೊದಲು ಹಳಿ. ಇದರಲ್ಲಿ ತಪ್ಪು ಹುಡುಕುವವರು ಸಿಂಗಲ್ ಲೈನಿನ ಕಾಲದಲ್ಲಿ ಓಡಾಡಿದವರಲ್ಲ. ಆಗ ಹನಕೆರೆಯಲ್ಲೋ ಶೆಟ್ಟಿಹಳ್ಳಿಯಲ್ಲೋ ಗಾಡಿ ಸುಮ್ನೆ ನಿಂತುಬಿಡುತ್ತಿತ್ತು. ಎದುರಿನ ಗಾಡಿ ಬಂದು ದಾಟುವ ತನಕ ಕಾಯಬೇಕು. "ಕ್ರಾಸಿಂಗ್ ಐತೆ, ಇಳ್ದು ಒಂದ್ ಬೀಡಿ ಸೇದ್ಕೊಂಡ್ ಬಾ" ಅಂತ ಹಿರಿಯರು ಒಬ್ಬರಿಗೊಬ್ಬರು ಹೇಳಿಕೊಂಡು ಇಳಿಯುತ್ತಿದ್ದರು. ಕೆಲವರು ಪಕ್ಕದ ಹೊಲದ ಅಂಚಿಗೆ ಹೋಗಿ ಬರುವಷ್ಟು ಟೈಮ್ ಸಿಗುತ್ತಿತ್ತು. ಎರಡನೇ ಹಳಿ ಬಂದ ಮೇಲೆ ಆ ಕಾಯುವಿಕೆ ಹೋಯಿತು. ಕರೆಂಟ್ ಬಂದ ಮೇಲೆ ಡೀಸೆಲ್ ಹೊಗೆಯೂ ಹೋಯಿತು. ಕಿಟಕಿ ಪಕ್ಕ ಕೂತು ಬಿಳಿ ಶರ್ಟ್ ಹಾಕಿಕೊಂಡು ಆಫೀಸಿಗೆ ಹೋಗಬಹುದು.

ಈ ಎರಡನೇ ಹಳಿ ಬರುವುದು ಮಾತ್ರ ಸುಲಭ ಇರಲಿಲ್ಲ. ಬೆಂಗಳೂರಿಂದ ಕೆಂಗೇರಿ, ಆಮೇಲೆ ರಾಮನಗರ, ಆಮೇಲೆ ಮುಂದಕ್ಕೆ ಅಂತ ತುಂಡು ತುಂಡಾಗಿ ಬಂತು. ಕೊನೆಗೆ ಶ್ರೀರಂಗಪಟ್ಟಣದಲ್ಲಿ ಸಿಕ್ಕಿಹಾಕಿಕೊಂಡಿತು. ಸ್ಟೇಷನ್ ಪಕ್ಕದಲ್ಲೇ ಟಿಪ್ಪು ಕಾಲದ ಶಸ್ತ್ರಾಗಾರ, ಇಟ್ಟಿಗೆ–ಗಾರೆಯ ಕಟ್ಟಡ, ಸರಿಯಾಗಿ ಹೊಸ ಹಳಿ ಹೋಗುವ ಜಾಗದಲ್ಲಿ ಕೂತಿತ್ತು. ಒಡೆಯುವ ಹಾಗಿಲ್ಲ. ಹಳಿಯನ್ನು ಬಳಸಿಕೊಂಡು ಹೋಗೋಣ ಅಂದರೆ ಅದೊಂದು ದ್ವೀಪ, ಜಾಗ ಎಲ್ಲಿದೆ? ವರ್ಷಗಟ್ಟಲೆ ಫೈಲು ಓಡಾಡಿ, ಕೊನೆಗೆ 2017ರಲ್ಲಿ ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನು ಇಡಿಯಾಗಿ ಬುಡದಿಂದ ಎತ್ತಿ, ಇಂಚಿಂಚಾಗಿ ಜರುಗಿಸಿಕೊಂಡು ಹೋಗಿ ಬೇರೆ ಕಡೆ ಕೂರಿಸಿದರು. ನೋಡೋಕೆ ಜಾತ್ರೆ ಥರ ಜನ ಸೇರಿದ್ದರು. ನಮ್ಮ ಬೋಗಿಯಲ್ಲಿ ತಿಂಗಳುಗಟ್ಟಲೆ ಅದೇ ಮಾತು. ಇಷ್ಟು ಕಷ್ಟದ ಕೆಲಸವನ್ನು ಒಂದು ಬಿರುಕೂ ಬಿಡದ ಹಾಗೆ ಮಾಡಿದವರಿಗೆ, ಅದೇ ಹಳಿ ಮೇಲೆ ಗಾಡಿ ಯಾವಾಗ ಬಿಡಬೇಕು ಅನ್ನುವುದು ಯಾಕೆ ಕಷ್ಟ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಈಗ ಟೈಮ್‌ಟೇಬಲ್‌ಗೆ ಬರುತ್ತೇನೆ. ನನ್ನ ತಕರಾರು ಇರುವುದೇ ಇಲ್ಲಿ.

2022ರ ನವೆಂಬರ್ 11ಕ್ಕೆ ವಂದೇ ಭಾರತ್ ಬಂತು. ದಕ್ಷಿಣ ಭಾರತಕ್ಕೇ ಮೊದಲನೆಯದು, ನಮ್ಮ ಲೈನಿನ ಮೇಲೆ, ಖುಷಿ ಆಗೇ ಆಯಿತು. ಮಂಡ್ಯ ಪ್ಲಾಟ್‌ಫಾರಂ ಮೇಲೆ ನಿಂತು ನಾನೂ ವಿಡಿಯೋ ತೆಗೆದೆ, ಸುಳ್ಳು ಯಾಕೆ ಹೇಳಲಿ. ಆದರೆ ಅದರ ಹೊತ್ತು ನೋಡಿ. ಬೆಳಿಗ್ಗೆ ಆರರ ಒಳಗೆ ಚೆನ್ನೈ ಬಿಡುತ್ತದೆ. ಬೆಂಗಳೂರಿಗೆ ಬರುವಷ್ಟರಲ್ಲಿ ಹತ್ತು ದಾಟಿರುತ್ತದೆ. ಮೈಸೂರು ಮುಟ್ಟುವುದು ಮಧ್ಯಾಹ್ನ, ಊಟದ ಹೊತ್ತಿಗೆ ವಾಪಸ್ ಹೊರಡುತ್ತದೆ. ಚೆನ್ನೈನವರಿಗೆ ಪರ್ಫೆಕ್ಟ್. ಮೈಸೂರಿನಿಂದ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರಿಗೆ ಇದರಿಂದ ಏನೂ ಇಲ್ಲ. ಬೆಂಗಳೂರಿನಿಂದ ಅರಮನೆ ನೋಡಿ ಸಂಜೆ ವಾಪಸ್ ಬರುವವರಿಗೂ ಅಷ್ಟಕ್ಕಷ್ಟೆ. ಅಂದರೆ ಇದು ಚೆನ್ನೈ–ಬೆಂಗಳೂರು ಗಾಡಿ, ಮೈಸೂರು ಅದರ ಬಾಲ. ಶತಾಬ್ದಿಯ ಕಾಲದಿಂದಲೂ ಇದೇ ಕತೆ. 2024ರಲ್ಲಿ ಎರಡನೇ ವಂದೇ ಭಾರತ್ ಬಂದಾಗ ಬೆಳಿಗ್ಗೆ 6ಕ್ಕೆ ಮೈಸೂರಿಂದಲೇ ಹೊರಡುವ ಹಾಗೆ ಮಾಡಿದ್ದು ಪರವಾಗಿಲ್ಲ, ಅಷ್ಟರ ಮಟ್ಟಿಗೆ ಯಾರೋ ಕಿವಿ ಕೊಟ್ಟಿದ್ದಾರೆ. ಅದು ವಾಪಸ್ ಬರುವುದು ಮಾತ್ರ ರಾತ್ರಿ, ಮಕ್ಕಳು ಮಲಗಿದ ಮೇಲೆ.

ನಿಜವಾಗಿ ಈ ಲೈನನ್ನು ಹೊತ್ತುಕೊಂಡಿರುವುದು ಚಾಮುಂಡಿ ಎಕ್ಸ್‌ಪ್ರೆಸ್. ಬೆಳಿಗ್ಗೆ ಬೆಂಗಳೂರಿಗೆ, ಸಂಜೆ ಮೈಸೂರಿಗೆ. ಬ್ಯಾಂಕಿನವರು, ವಿಧಾನಸೌಧದವರು, ಗಾರ್ಮೆಂಟ್ಸ್ ಹುಡುಗಿಯರು, ಕಾಲೇಜಿನವರು, ಎಲ್ಲ ಅದರಲ್ಲೇ. ಯಾರು ಎಲ್ಲಿ ಕೂರುತ್ತಾರೆ, ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಎಲ್ಲ ಎಲ್ಲರಿಗೂ ಗೊತ್ತು. ಮಧ್ಯಾಹ್ನದ ಹೊತ್ತಿಗೆ ಟಿಪ್ಪು ಎಕ್ಸ್‌ಪ್ರೆಸ್. 2022ರಲ್ಲಿ ಅದರ ಹೆಸರು ಒಡೆಯರ್ ಎಕ್ಸ್‌ಪ್ರೆಸ್ ಆಯಿತು, ಆದರೆ ಪ್ಲಾಟ್‌ಫಾರಂನಲ್ಲಿ ಇವತ್ತಿಗೂ "ಟಿಪ್ಪು ಹೋಯ್ತೇನಣ್ಣ?" ಅಂತಲೇ ಕೇಳುತ್ತಾರೆ. ಹೆಸರು ಬದಲಾಯಿಸಲು ಹಿಡಿದ ಟೈಮಿನಲ್ಲಿ ಇನ್ನೊಂದು ಗಾಡಿ ಸೇರಿಸಬಹುದಿತ್ತಲ್ವಾ ಅನ್ನುವುದು ನಮ್ಮ ಬೋಗಿಯ ಹಳೇ ಜೋಕು.

ಇರುವ ಗಾಡಿ ಕಮ್ಮಿ ಅಂತ ನಾನು ಹೇಳುತ್ತಿಲ್ಲ. ಗಾಡಿಗಳು ಇವೆ. ಆದರೆ ಅವು ಹುಬ್ಬಳ್ಳಿಗೆ, ಚೆನ್ನೈಗೆ, ಇನ್ನೆಲ್ಲಿಗೋ ಹೋಗುವ ಗಾಡಿಗಳು. ಅವುಗಳ ಹೊತ್ತು ಆ ಊರುಗಳ ಲೆಕ್ಕಕ್ಕೆ ಕೂತಿದೆ, ನಾವು ಸಂದಿಯಲ್ಲಿ ಹತ್ತಿಕೊಳ್ಳುತ್ತೇವೆ. ಹಾಗಾಗಿ ಒಂದು ಹೊತ್ತಿನಲ್ಲಿ ಸಾಲಾಗಿ ಮೂರು ಗಾಡಿ, ಆಮೇಲೆ ಗಂಟೆಗಟ್ಟಲೆ ಖಾಲಿ. ಬೆಂಗಳೂರಿಗೂ ಮೈಸೂರಿಗೂ ನಡುವೆ 139 ಕಿಲೋಮೀಟರ್, ಅಷ್ಟೆ. ಇಂಥ ಲೈನಿನಲ್ಲಿ ಜನ ಟೈಮ್‌ಟೇಬಲ್ ನೋಡಿಕೊಂಡು ಮನೆ ಬಿಡುವ ಹಾಗಿರಬಾರದು. ಅರ್ಧ ಗಂಟೆಗೊಂದು, ಹೋಗಲಿ ಗಂಟೆಗೊಂದು, ದಿನವಿಡೀ ಒಂದೇ ನಿಮಿಷಕ್ಕೆ ಬರುವ ಗಾಡಿ ಬೇಕು. ಏಳೂಹತ್ತು, ಎಂಟೂಹತ್ತು, ಒಂಬತ್ತೂಹತ್ತು, ಹೀಗೆ. ಬಾಯಿಪಾಠ ಆಗಿಬಿಡುತ್ತದೆ.

ಆಗಲ್ಲ ಅನ್ನುವುದಕ್ಕೆ ಕಾರಣ ಇಲ್ಲ ಅಂತಲ್ಲ. ಅದೇ ಹಳಿ ಮೇಲೆ ವಂದೇ ಭಾರತ್ ಕೂಡ ಹೋಗಬೇಕು, ಸ್ಟೇಷನ್‌ಗೊಂದು ಸಲ ನಿಲ್ಲುವ ಮೆಮು ಕೂಡ ಹೋಗಬೇಕು, ಗೂಡ್ಸ್ ಕೂಡ. ಹಿಂದಿನ ಫಾಸ್ಟ್ ಗಾಡಿಗೆ ದಾರಿ ಬಿಡಲು ಮುಂದಿನ ಮೆಮುವನ್ನು ಪಕ್ಕದ ಲೂಪ್ ಲೈನಿಗೆ ಹಾಕಿ ನಿಲ್ಲಿಸುತ್ತಾರೆ. ಒಂದು ಫಾಸ್ಟ್ ಗಾಡಿ ಎರಡು ಮೂರು ಸಾದಾ ಗಾಡಿಯ ಜಾಗ ತಿನ್ನುತ್ತದೆ. ಅದರ ಮೇಲೆ ಮೆಜೆಸ್ಟಿಕ್ ಸ್ಟೇಷನ್ನು, ಹತ್ತು ಪ್ಲಾಟ್‌ಫಾರಂಗೆ ನಾಲ್ಕು ದಿಕ್ಕಿನಿಂದ ಗಾಡಿ. ಇದನ್ನು ಬಿಡಿಸಬೇಕಾದದ್ದು ಸಬರ್ಬನ್ ರೈಲು. 148 ಕಿಲೋಮೀಟರ್, ನಾಲ್ಕು ದಾರಿ, ಹೆಸರುಗಳೂ ಚೆಂದ: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ನಮಗೆ ಬೇಕಾದದ್ದು ಪಾರಿಜಾತ, ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ. ಅದು ಬಂದರೆ ಕೆಂಗೇರಿಯಲ್ಲಿ ಇಳಿದು ಬದಲಾಯಿಸಿಕೊಂಡರೆ ಆಯಿತು, ಮೆಜೆಸ್ಟಿಕ್‌ವರೆಗೆ ಈ ಗಾಡಿಯಲ್ಲೇ ಹೋಗೋದು ಬೇಡ. 2022ರ ಜೂನ್‌ನಲ್ಲಿ ಅಡಿಗಲ್ಲು ಹಾಕಿದಾಗ 40 ತಿಂಗಳು ಅಂದಿದ್ದರು. ಬೆರಳಲ್ಲಿ ಎಣಿಸಿದರೆ ಅದು 2025ರ ಅಕ್ಟೋಬರ್‌ಗೆ ಮುಗಿಯಿತು. ಪಾರಿಜಾತದ ಗಾಡಿ ಬಂದಿಲ್ಲ.

ಇನ್ನು ಟಿಕೆಟ್ ದರ. ಇದರಲ್ಲಿ ನಾನು ಸರ್ಕಾರದ ಕಡೆಗೇ ಸ್ವಲ್ಪ ವಾಲುತ್ತೇನೆ, ಬೈಬೇಡಿ. ಸೆಕೆಂಡ್ ಕ್ಲಾಸಿನಲ್ಲಿ ಮೈಸೂರಿಗೆ ಇವತ್ತಿಗೂ ನೂರು ರೂಪಾಯಿಯೊಳಗೆ ಹೋಗಬಹುದು. 2025ರ ಜುಲೈನಲ್ಲಿ ಎಕ್ಸ್‌ಪ್ರೆಸ್ ಗಾಡಿಗಳ ನಾನ್ ಎಸಿಗೆ ಕಿಲೋಮೀಟರಿಗೆ ಒಂದು ಪೈಸೆ ಏರಿಸಿದರು. ನಮ್ಮ 139 ಕಿಲೋಮೀಟರಿಗೆ ಲೆಕ್ಕ ಹಾಕಿದರೆ ಒಂದೂವರೆ ರೂಪಾಯಿಯೂ ಆಗಲ್ಲ. ಸೀಸನ್ ಪಾಸಿಗೆ ಕೈ ಹಚ್ಚಲಿಲ್ಲ. ಈ ಪಾಸ್ 150 ಕಿಲೋಮೀಟರ್‌ವರೆಗೆ ಮಾತ್ರ ಸಿಗುತ್ತದೆ, ಮೈಸೂರು ಹನ್ನೊಂದು ಕಿಲೋಮೀಟರ್ ಅಂತರದಲ್ಲಿ ಬಚಾವ್. ಇಲ್ಲದಿದ್ದರೆ ಮೈಸೂರಿನ ಅರ್ಧ ಜನ ಬೆಂಗಳೂರಿಗೆ ಮನೆ ಬದಲಾಯಿಸಬೇಕಿತ್ತು.

ಆದರೆ ಕೋವಿಡ್ ಆದಮೇಲೆ ಮಾಡಿದ್ದನ್ನು ಮರೆಯೋಕಾಗಲ್ಲ. ಪ್ಯಾಸೆಂಜರ್ ಗಾಡಿಗಳಿಗೆಲ್ಲ ಸ್ಪೆಷಲ್ ಅಂತ ಬೋರ್ಡ್ ಹಾಕಿ, ಕನಿಷ್ಠ ದರವನ್ನು 10ರಿಂದ 30 ರೂಪಾಯಿ ಮಾಡಿದರು. ಅದೇ ಬೋಗಿ, ಅದೇ ಸೀಟು, ಅದೇ ಸ್ಪೀಡು. ಮಂಡ್ಯದಿಂದ ಮದ್ದೂರಿಗೆ ಸೊಪ್ಪು ತೆಗೆದುಕೊಂಡು ಹೋಗುವ ಹೆಂಗಸಿಗೆ ದರ ಮೂರು ಪಟ್ಟು. 2024ರ ಫೆಬ್ರವರಿಯಲ್ಲಿ, ಎಲೆಕ್ಷನ್ ಹತ್ತಿರ ಬಂದಾಗ, ಮತ್ತೆ 10 ರೂಪಾಯಿಗೆ ಇಳಿಯಿತು. ಹಿರಿಯ ನಾಗರಿಕರ ರಿಯಾಯಿತಿಯನ್ನು 2020ರಲ್ಲಿ ನಿಲ್ಲಿಸಿದ್ದು ಇನ್ನೂ ವಾಪಸ್ ಬಂದಿಲ್ಲ. ಮೊದಲೆಲ್ಲ ರೈಲ್ವೆ ಬಜೆಟ್ ಅಂತ ಒಂದು ದಿನ ಇರುತ್ತಿತ್ತು, ರೇಡಿಯೋ ಮುಂದೆ ಕೂತು ಯಾವ ಊರಿಗೆ ಯಾವ ಗಾಡಿ, ಎಷ್ಟು ದರ ಅಂತ ಕೇಳುತ್ತಿದ್ದೆವು. 2017ರಿಂದ ಅದು ಸಾಮಾನ್ಯ ಬಜೆಟ್ಟಿನೊಳಗೆ ಕರಗಿಹೋಯಿತು. ಈಗ ದರ ಏರುವುದು ಒಂದು ಸುತ್ತೋಲೆಯಲ್ಲಿ.

ಇನ್ನೊಂದು ವಿಚಾರ ನನಗೆ ತುಂಬಾ ಕುತೂಹಲದ್ದು. 2017ರ ಸುಮಾರಿಗೆ ಶತಾಬ್ದಿಯಲ್ಲಿ ಬೆಂಗಳೂರು–ಮೈಸೂರು ತುಂಡಿಗೆ ಮಾತ್ರ ದರ ಇಳಿಸಿ ನೋಡಿದರು, ಬಸ್ಸಿನ ದರಕ್ಕೆ ಹತ್ತಿರ ಬರುವ ಹಾಗೆ. ಬೆಂಗಳೂರಿನಲ್ಲಿ ಅರ್ಧ ಗಾಡಿ ಇಳಿದು ಮುಂದೆ ಖಾಲಿ ಸೀಟು ಹೊತ್ತುಕೊಂಡು ಹೋಗುವ ಬದಲು ಕಮ್ಮಿಗೆ ಕೊಟ್ಟರೆ ಜನ ಹತ್ತುತ್ತಾರಾ ಅಂತ. ಹತ್ತಿದರು. ಅಂದರೆ ಇಲ್ಲಿ ಯಾವ ದರಕ್ಕೆ ಸೀಟು ತುಂಬುತ್ತದೆ ಅನ್ನುವುದು ಮೇಲಿನವರಿಗೆ ಚೆನ್ನಾಗಿ ಗೊತ್ತು. ವಂದೇ ಭಾರತ್‌ಗೂ ಅದೇ ಬುದ್ಧಿ ಓಡಿಸಬಾರದಾ? 2023ರ ನಿಯಮದಲ್ಲಿ, ಅರ್ಧಕ್ಕಿಂತ ಕಮ್ಮಿ ತುಂಬುವ ಎಸಿ ಚೇರ್ ಕಾರ್‌ಗೆ ಶೇ. 25ರವರೆಗೆ ರಿಯಾಯಿತಿ ಕೊಡುವ ಅಧಿಕಾರ ಕೊಟ್ಟಿದ್ದರು. ಕೊಟ್ಟು ನೋಡಲಿ.

ಪೈಪೋಟಿ ಬೇರೆ ಶುರುವಾಗಿದೆ. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ, ಜೂನ್‌ನಲ್ಲಿ ಶಕ್ತಿ. ನಮ್ಮ ಬೋಗಿಯ ಅಕ್ಕಂದಿರು ಒಂದಷ್ಟು ಜನ ಫ್ರೀ ಬಸ್ಸಿಗೆ ಹೋದರು. ಎರಡು ತಿಂಗಳಿಗೆ ಕೆಲವರು ವಾಪಸ್. "ಕೆಂಗೇರಿವರ್ಗೂ ಗಾಳಿ ಥರ ಬತ್ತದೆ ಕಣಪ್ಪ, ಅಲ್ಲಿಂದ ನಡ್ಕೊಂಡ್ ಹೋದ್ರೆ ಬೇಗ" ಅಂದರು ಒಬ್ಬರು. ರೈಲು ಗೆಲ್ಲುವುದು ಅಲ್ಲೇ. ಮೆಜೆಸ್ಟಿಕ್‌ನಲ್ಲಿ ಇಳಿದು ಮೆಟ್ರೋ ಹತ್ತಿದರೆ ಟ್ರಾಫಿಕ್ಕಿನ ಗೊಡವೆಯೇ ಇಲ್ಲ.

ಸ್ಟಾರ್ ಕೊಡಲೇಬೇಕಲ್ಲ. ಹಳಿಗೆ ಐದು. ದರಕ್ಕೆ ನಾಲ್ಕು. ಟೈಮ್‌ಟೇಬಲ್‌ಗೆ ಎರಡು, ಅದರಲ್ಲಿ ಒಂದು ಚಾಮುಂಡಿಗೆ.

ಹೊಸಬರಿಗೆ ಒಂದು ಮಾತು. ವಡೆಯವನು ಮದ್ದೂರಿಗಿಂತ ಮುಂಚೆಯೇ ಹತ್ತಿರುತ್ತಾನೆ, ಆತುರ ಬೀಳಬೇಡಿ. ಮೊದಲ ಬುಟ್ಟಿಯಲ್ಲಿರುವುದು ತಣ್ಣಗಿರುತ್ತದೆ. ಮದ್ದೂರಿನಲ್ಲಿ ಗಾಡಿ ನಿಂತಾಗ ಹತ್ತುವವನ ಬುಟ್ಟಿ ಮೇಲೆ ಪೇಪರ್ ಮುಚ್ಚಿರುತ್ತದೆ, ಪೇಪರ್ ಎಣ್ಣೆಗೆ ಒದ್ದೆಯಾಗಿ ಬಿಸಿ ಹಬೆ ಬರುತ್ತಿರುತ್ತದೆ. ಅವನನ್ನು ಕರೆಯಿರಿ.