ಒಂದೇ ಹೆಸರಿನ ಅಜ್ಜ, ಮೊಮ್ಮಗ: ವಂಶವೃಕ್ಷ ಅಚ್ಚು ಹಾಕಿಸುವ ಮುನ್ನ ಎಚ್ಚರ

ಕುಟುಂಬ ಸಮಾವೇಶಕ್ಕೆಂದು ವಂಶವೃಕ್ಷದ ಪುಸ್ತಕ ಮಾಡಿಸುತ್ತಿದ್ದೀರಾ? ಪ್ರೆಸ್ಸಿಗೆ ಕೊಡುವ ಮೊದಲು ಮಲೆನಾಡಿನ ಒಂದು ಮನೆತನದಲ್ಲಿ ಆದದ್ದನ್ನು ಓದಿ.

ಸಭಾಂಗಣದ ಗೋಡೆ ತುಂಬ ಏಳು ತಲೆಮಾರಿನ ಫ್ಲೆಕ್ಸ್. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ವಯಸ್ಸಾದ ಅಜ್ಜಿಯೊಬ್ಬರು ಮೂರನೇ ಸಾಲಿನ ಮೇಲೆ ಬೆರಳಿಟ್ಟು, ‘ನಮ್ಮಪ್ಪ ಎಲ್ಲಿ?’ ಎಂದು ಕೇಳಿದರು. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ಮನೆ ಅದು. ಮೇಲಿನಿಂದ ಕಟ್ಟಿಕೊಂಡು ಬಂದ ಪಟ್ಟಿ ಅಜ್ಜನ ಬಳಿ ನಿಂತಿತ್ತು, ಕೆಳಗಿನಿಂದ ಹತ್ತಿದ್ದು ಮೊಮ್ಮಗನ ಬಳಿ. ಹೆಸರು ಒಂದೇ ಇದ್ದುದರಿಂದ ಎರಡನ್ನೂ ಅಲ್ಲೇ ಬೆಸೆದುಬಿಟ್ಟಿದ್ದರು. ನಡುವಿನ ತಲೆಮಾರು ಇಡಿಯಾಗಿ ಮಾಯ. ಆ ತಲೆಮಾರಿನ ಹೆಣ್ಣುಮಕ್ಕಳ ಸಂತಾನದವರೆಲ್ಲ ವಂತಿಗೆ ಕೊಟ್ಟು, ದೂರದಿಂದ ಬಂದು ಕೂತಿದ್ದರು. ಪುಸ್ತಕದಲ್ಲಿ ಅವರಿಗೆ ಜಾಗವೇ ಇರಲಿಲ್ಲ. ಇನ್ನೊಂದು ಪುಟದಲ್ಲಿ ಒಬ್ಬರ ಹೆಸರಿನ ಮುಂದೆ ‘ದತ್ತು’ ಎಂದು ಅಚ್ಚಾಗಿತ್ತು. ಅವರ ಮಕ್ಕಳಿಗೆ ಅದು ಗೊತ್ತಾದದ್ದೇ ಆ ದಿನ, ಎಲ್ಲರ ಎದುರಿಗೆ. ಈ ನೋವನ್ನು ಯಾವ ತಿದ್ದುಪಡಿಯೂ ವಾಪಸ್ ಪಡೆಯಲಾರದು. ದತ್ತಿನ ವಿಷಯ ಬರೆಯಬೇಕೋ ಬೇಡವೋ ಎಂಬುದನ್ನು ಆ ಮನೆಯವರೇ ಹೇಳಬೇಕು, ಸಂಪಾದಕರಲ್ಲ.

ಹೆಸರೊಂದನ್ನೇ ನಂಬಿ ಕೊಂಡಿ ಹಾಕಲೇಬೇಡಿ. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಡಿ. ಜೊತೆಗೆ ತಂದೆಯ ಹೆಸರು, ಹೆಂಡತಿಯ ಹೆಸರು, ಆಕೆಯ ತವರೂರು. ಗಂಡಸರ ಹೆಸರು ಮರುಕಳಿಸಿದರೂ ಹೆಂಡತಿಯ ತವರು ಸಾಮಾನ್ಯವಾಗಿ ಬೇರೆ ಇರುತ್ತದೆ. ಗೊಂದಲ ಬಿಡಿಸುವುದು ಹೆಚ್ಚಾಗಿ ಅದೇ. ಗೋತ್ರ ಒಂದೇ ಎಂಬುದು ಹತ್ತಿರದ ನಂಟಿಗೆ ಪುರಾವೆಯಲ್ಲ. ತಂದೆ ಮಗನ ನಡುವೆ ಹದಿನೈದು ವರ್ಷಕ್ಕಿಂತ ಕಡಿಮೆ ಅಥವಾ ಅರವತ್ತಕ್ಕಿಂತ ಹೆಚ್ಚು ಅಂತರ ಕಂಡರೆ ಅಲ್ಲೇ ನಿಲ್ಲಿ. ಕೊಂಡಿ ತಪ್ಪಿರಬಹುದು, ಇಲ್ಲವೇ ನಡುವೆ ಯಾರೋ ಬಿಟ್ಟುಹೋಗಿರಬಹುದು.

ಹಳೆಯ ಜಾತಕಗಳಲ್ಲಿ ಬರೀ ಸಂವತ್ಸರ ಇರುವುದುಂಟು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ: ವಿಕಾರಿ ಎಂದರೆ 1899 ಆಗಬಹುದು, 1959 ಕೂಡ ಆಗಬಹುದು. ಸಂವತ್ಸರ ಶುರುವಾಗುವುದು ಯುಗಾದಿಗೆ, ಹಾಗಾಗಿ ವಿಕಾರಿಯ ಮಾಘ ಮಾಸ ಎಂದಿದ್ದರೆ ಇಸವಿ ಒಂದು ಮುಂದೆ, 1900 ಅಥವಾ 1960. ಪಕ್ಕದಲ್ಲಿ ಶಕವರ್ಷ ಇದೆಯೇ ನೋಡಿ. ಶಕ 1821 ಇದ್ದರೆ ಅನುಮಾನವಿಲ್ಲ, ಅದು 1899ರಲ್ಲಿ ಶುರುವಾದ ವಿಕಾರಿ.

ಜಮೀನಿದ್ದ ಮನೆಯಾದರೆ ಪೌತಿ ಖಾತೆಯ, ಅಂದರೆ ಸತ್ತವರ ಜಮೀನು ವಾರಸುದಾರರ ಹೆಸರಿಗೆ ಬದಲಾದ ದಾಖಲೆಯ, ಮ್ಯುಟೇಷನ್ ನಕಲು ತೆಗೆಸಿ. ಸತ್ತವರ ಹೆಸರೂ ಖಾತೆಗೆ ಬಂದ ವಾರಸುದಾರರ ಹೆಸರೂ ಒಂದೇ ಕಡೆ ಸಿಗುತ್ತವೆ. ಆದರೆ ಹೆಣ್ಣುಮಕ್ಕಳ ಹೆಸರು ಅಲ್ಲಿ ಬಿಟ್ಟುಹೋಗಿರುವುದು ಬಹಳ, ಹಾಗಾಗಿ ಅದೊಂದೇ ಸಾಲದು. ಉತ್ತರ ಕರ್ನಾಟಕದವರು ಮನೆತನಗಳ ವಂಶಾವಳಿ ಬರೆದಿಡುವ ಹೆಳವರನ್ನು ಕೇಳಿ. ಅವರ ಹೊತ್ತಿಗೆಗಳಲ್ಲಿರುವುದನ್ನು ಮನೆಯವರ ನೆನಪಿನ ಪಕ್ಕದಲ್ಲಿಟ್ಟು ತಾಳೆ ನೋಡಿ.

ಸಾಫ್ಟ್‌ವೇರ್ ತೋರಿಸುವ ‘ಡೂಪ್ಲಿಕೇಟ್’ಗಳನ್ನು ಕಣ್ಣುಮುಚ್ಚಿ ಅಳಿಸಬೇಡಿ. ಸೋದರಮಾವನನ್ನೇ ಮದುವೆಯಾದವರು ಮಗಳಾಗಿ ಒಂದು ಕಡೆ, ಸೊಸೆಯಾಗಿ ಒಂದು ಕಡೆ ಬರುತ್ತಾರೆ. ಎರಡೂ ಸರಿ. ಎರಡೂ ಕಡೆ ಒಂದೇ ಸಂಖ್ಯೆ ಹಾಕಿದರೆ ಆಯಿತು.

ಕರಡನ್ನು ಕನಿಷ್ಠ ಒಂದು ತಿಂಗಳು ಮೊದಲೇ ಪ್ರತಿ ಕವಲಿಗೂ ಕಳಿಸಿ, ಆಯಾ ಕವಲಿನ ಪುಟಗಳನ್ನು ಮಾತ್ರ. ಮನೆಯ ಹಿರಿಯ ಹೆಂಗಸರಿಗೆ ಓದಿ ಹೇಳಿಸಿ. ಆ ಅಜ್ಜಿಗೆ ಒಂದು ಫೋನ್ ಮಾಡಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ಇನ್ನು ಪಿಡಿಎಫ್. ಆ ಪುಸ್ತಕದಲ್ಲಿ ಬದುಕಿರುವ ಎಲ್ಲರ ಫೋನ್ ನಂಬರು, ಹುಟ್ಟಿದ ದಿನ, ವಿಳಾಸ ಇದ್ದವು. ಅದು ಗುಂಪಿನಿಂದ ಗುಂಪಿಗೆ ಹಾರಿದ ಮೇಲೆ ವಯಸ್ಸಾದವರಿಗೆ ಕರೆಗಳು ಶುರುವಾದವು: ‘ನಿಮ್ಮ ತಮ್ಮನ ಮೊಮ್ಮಗ ಮಾತಾಡ್ತಿರೋದು, ಆಸ್ಪತ್ರೆಯಲ್ಲಿದ್ದೀನಿ, ಅರ್ಜೆಂಟಾಗಿ ಹಣ ಬೇಕು.’ ಹೆಸರು, ಊರು, ನಂಟು ಎಲ್ಲ ಸರಿಯಾಗಿ ಹೇಳಿದರೆ ಯಾರು ತಾನೇ ಅನುಮಾನಿಸುತ್ತಾರೆ? ಬದುಕಿರುವವರ ಹೆಸರು ಮತ್ತು ಕೊಂಡಿ ಮಾತ್ರ ಅಚ್ಚಾಗಲಿ, ಫೋನ್ ಪಟ್ಟಿ ಪ್ರತಿ ಕವಲಿನ ಒಬ್ಬರ ಬಳಿ ಇರಲಿ. ಈಗಾಗಲೇ ಹಂಚಿಯಾಗಿದ್ದರೆ ಹಿರಿಯರಿಗೆಲ್ಲ ಇವತ್ತೇ ಹೇಳಿ: ಹಣ ಕೇಳಿದವರ ಕರೆ ಕಡಿದು, ಮೊದಲಿನಿಂದ ತಮ್ಮ ಬಳಿ ಇರುವ ನಂಬರಿಗೆ ತಾವೇ ಫೋನ್ ಮಾಡಲಿ. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.