ಹಳೇ ಕಾರಿಗೆ ಪಾಯಿಂಟೇ ಇರಲೋ, ಎಲೆಕ್ಟ್ರಾನಿಕ್ ಹಾಕಿಸೋದೋ?

ಕಲಬುರಗಿಯಲ್ಲಿ ಹಳೇ ಪದ್ಮಿನಿಯನ್ನೋ ಅಂಬಾಸಿಡರನ್ನೋ ಇನ್ನೂ ಓಡಿಸುವವರಿಗೆ ಈ ಪ್ರಶ್ನೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ: ಪೆಟ್ರೋಲ್ ಹೊತ್ತಿಸುವ ಕಿಡಿಗೆ ಹಳೇ ಪಾಯಿಂಟೇ (ಕರೆಂಟ್ ಕಟ್ ಮಾಡುವ ಪುಟ್ಟ ಸ್ವಿಚ್) ಇರಲೋ, ಎಲೆಕ್ಟ್ರಾನಿಕ್ ಕಿಟ್ ಹಾಕಿಸೋದೋ ಅಂತ.

ಕಿಡಿಯ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳ ತೆಗೆದು ನೋಡಿ. ನಡುವೆ ತಿರುಗುವ ದಂಡಕ್ಕೆ ನಾಲ್ಕು ಉಬ್ಬು. ಒಂದೊಂದು ಉಬ್ಬು ತಾಗಿದಾಗಲೂ ಪಾಯಿಂಟ್ ಬಾಯಿ ಬಿಡುತ್ತದೆ. ವೋಲ್ಟೇಜ್ ಏರಿಸುವ ಕಾಯಿಲ್‌ಗೆ ಹೋಗುತ್ತಿದ್ದ ಕರೆಂಟ್ ಕಟ್ ಆಗುತ್ತದೆ. ಆ ಕ್ಷಣವೇ ಕಾಯಿಲ್‌ನಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಅದನ್ನು ದಂಡದ ಮೇಲೆ ತಿರುಗುವ ರೋಟರ್ ಸರದಿಯಂತೆ ಕಿಡಿ ಹಾರಿಸುವ ಪ್ಲಗ್‌ಗಳಿಗೆ ಹಂಚುತ್ತದೆ.

ಎಲೆಕ್ಟ್ರಾನಿಕ್ ಕಿಟ್ ಹಾಕಿದರೂ ರೋಟರ್, ಮುಚ್ಚಳ ಅವೇ. ಪಾಯಿಂಟ್, ಅದು ಸುಡದಂತೆ ಕಾಯುವ ಕಂಡೆನ್ಸರ್ ಇವುಗಳ ಜಾಗದಲ್ಲಿ ಸೆನ್ಸರ್ ಕೂರುತ್ತದೆ, ಅಷ್ಟೇ. ಉಜ್ಜಾಡಿ ಸವೆಯುವ ಭಾಗ ಇಲ್ಲ. ಪಾಯಿಂಟ್ ಹಾಗಲ್ಲ. ಉಬ್ಬಿಗೆ ತಾಗುವ ತುದಿ ಸವೆದಂತೆ ಪಾಯಿಂಟ್ ಬಾಯಿ ಬಿಡುವ ಗ್ಯಾಪ್ ಕಮ್ಮಿಯಾಗಿ, ಟೈಮಿಂಗ್ (ಕಿಡಿ ಹಾರುವ ಹೊತ್ತು) ಹಿಂದೆ ಬೀಳುತ್ತದೆ. ಗಾಡಿ ಎಳೆಯೋದೇ ಇಲ್ಲ.

ಆದರೆ ಒಂದು ಮೇ ಮಧ್ಯಾಹ್ನ ಹುಮನಾಬಾದ್ ರಸ್ತೆಯಲ್ಲಿ ನನ್ನ ಪದ್ಮಿನಿ ನಿಂತಿತು. ಎಮರಿ ಪೇಪರಿನಿಂದ ಪಾಯಿಂಟ್ ಉಜ್ಜಿದೆ. ಗ್ಯಾಪ್ ಸುಮಾರು 0.4 ಮಿ.ಮೀ. ಇರಬೇಕು. ಗ್ಯಾಪ್ ಅಳೆಯುವ ಫೀಲರ್ ಗೇಜ್ ಇರಲಿಲ್ಲ, ವಿಸಿಟಿಂಗ್ ಕಾರ್ಡ್ ಮಡಚಿ ಅಂದಾಜಿಗೆ ಇಟ್ಟೆ. ಸೆಲ್ಫ್ ಹೊಡೆದೆ, ಬುರ್ರ್ ಅಂತ ಎದ್ದಿತು! ಎಲೆಕ್ಟ್ರಾನಿಕ್ ಕಿಟ್ ಇದ್ದು ಅದರ ಮಾಡ್ಯೂಲ್ ಸುಟ್ಟಿದ್ದರೆ ಟೋಯಿಂಗೇ ಗತಿ ಅಲ್ವಾ? ನಮ್ಮ ಬಿಸಿಲು ಅದಕ್ಕೆ ಒಳ್ಳೆಯದೂ ಅಲ್ಲ.

ದಿನಾ ಓಡಿಸುವವರು ಎಲೆಕ್ಟ್ರಾನಿಕ್ ಹಾಕಿಸಿ. ಕಿಟ್‌ಗೆ ಹೊಂದುವ ಕಾಯಿಲ್ಲೇ ಇರಲಿ. ಎಂಜಿನ್ ನಿಲ್ಲಿಸಿ ಸುಮ್ನೆ ಕೀ ಆನ್ ಬಿಡಬೇಡಿ. ಭಾನುವಾರ ಮಾತ್ರ ಹೊರತೆಗೆಯುವ ಗಾಡಿಗೆ ಪಾಯಿಂಟೇ ಸಾಕು. ಎಲೆಕ್ಟ್ರಾನಿಕ್ ಹಾಕಿಸಿದರೂ ಹಳೇ ಪಾಯಿಂಟ್, ಕಂಡೆನ್ಸರ್ ಡಿಕ್ಕಿಯಲ್ಲಿರಲಿ.